ಮೊದಲ ಬಸ್ಸು ದುರುಗವ್ವನದು

ಬೆಳಗಿನ ಮೊದಲ ಬಸ್ಸನ್ನು ಹನುಮವ್ವ ಹತ್ತುತ್ತಿರಲಿಲ್ಲ. ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ಖಾಲಿ ಹೂವಿನ ಬುಟ್ಟಿ ಸೊಂಟಕ್ಕಿಟ್ಟುಕೊಂಡು ನಿಂತಿರುತ್ತಿದ್ದಳು. ಹಡಗಲಿ ಬಸ್ಸು ಬರುತ್ತಿತ್ತು, ಬಾಗಿಲು ತೆರೆಯುತ್ತಿತ್ತು, ಒಳಗೆ ಬೇಕಾದಷ್ಟು ಸೀಟು ಇರುತ್ತಿದ್ದವು. ಆದರೂ ಅವಳು ಕದಲುತ್ತಿರಲಿಲ್ಲ. ಬಸ್ಸು ಹೊರಟಾಗ ಬಲಗೈ ಎತ್ತಿ ಹಣೆಗೆ ಮುಟ್ಟಿಸಿಕೊಳ್ಳುತ್ತಿದ್ದಳು. ಒಳಗೆ ಯಾರೋ ದೊಡ್ಡವರು ಕೂತು ಹೋಗುತ್ತಿದ್ದಾರೆ, ಅವರನ್ನು ಕಳಿಸಿಕೊಡಲು ತಾನು ಬಂದಿದ್ದೇನೆ ಅನ್ನುವ ಹಾಗೆ. ಆಮೇಲೆ ಎರಡನೇ ಬಸ್ಸಿಗೆ ಕಾದು, ಹಡಗಲಿಗೆ ಹೋಗಿ, ಮಲ್ಲಿಗೆ ಮೊಗ್ಗು ತರುತ್ತಿದ್ದಳು.

ಕಂಡಕ್ಟರನಿಗೆ ಇದೊಂದು ದಿನದ ತಮಾಷೆ.

"ಏ ಹನುಮವ್ವ, ಹತ್ತಬೇ. ನಿಮ್ಮ ದುರುಗವ್ವ ಆಧಾರ್ ಕಾರ್ಡ್ ತಂದಿಲ್ಲ. ಅಕಿಗಿ ಫ್ರೀ ಟಿಕೀಟ ಕೊಡಾಕ ಬರಂಗಿಲ್ಲ."

"ನೀ ರೈಟ್ ಅನ್ನಪ. ನಿನ್ನ ಟಿಕೀಟ ಅಕಿ ಯಾವತ್ತ ಹರಿತಾಳ ಅನ್ನೋದನ್ನ ನೋಡ್ಕೋ ಮೊದ್ಲು."

ಮೊದಲನೆಯದು ಮನೆದೇವಿ ದುರುಗವ್ವನದು. ಹನುಮವ್ವನ ಬದುಕಿನಲ್ಲಿ ಇದ್ದದ್ದು ಈ ಒಂದೇ ಕಾನೂನು. ಇಟ್ಟಿಗಿ ಕಡೆಯ ಕುರಿಗಾರರ ಮನೆತನ ಅವರದು. ಹೊಲದ ಮೊದಲ ತೆನೆ, ಕತ್ತರಿಸಿದ ಉಣ್ಣೆಯ ಮೊದಲ ಹಿಡಿ, ಕರೆದ ಹಾಲಿನ ಮೊದಲ ತಂಬಿಗೆ ದೇವಿಗೆ ತೆಗೆದಿಡುವುದು ಅಲ್ಲಿ ಎಲ್ಲರಿಗೂ ಇರುವ ಪದ್ಧತಿ. ಮೀಸಲು ಅನ್ನುತ್ತಾರೆ. ಎಲ್ಲರೂ ಅದನ್ನು ತೆನೆಗೆ, ಹಾಲಿಗೆ ನಿಲ್ಲಿಸಿದರೆ ಹನುಮವ್ವ ನಿಲ್ಲಿಸಲಿಲ್ಲ. ಮೊದಲ ಗುಟುಕು ಚಹಾ ನೆಲಕ್ಕೆ. ಮೊದಲ ರೊಟ್ಟಿ ಕಟ್ಟೆಯ ಮೇಲೆ. ಹೊಸ ಸೀರೆಯ ಮೊದಲ ಮಡಿಕೆ ಬಿಚ್ಚುವ ಮುನ್ನ ದೇವರ ಗೂಡಿನ ಮುಂದೆ ಒಂದು ಗಳಿಗೆ ಇಡಬೇಕು. ನಾನು ಹೊಸ ಮೊಬೈಲು ತಂದಾಗ ಮೊದಲ ಕರೆ ಯಾರಿಗೆ ಮಾಡುತ್ತೀಯ ಅಂತ ಬಹಳ ಗಂಭೀರವಾಗಿ ಕೇಳಿದ್ದಳು.

ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ನಮ್ಮಪ್ಪ ಗ್ಯಾಸ್ ಒಲೆ ರಿಪೇರಿ ಮಾಡುತ್ತಾನೆ. ನಾನು ಪಿಯುಸಿ ಸೈನ್ಸ್ ಮುಗಿಸಿ ಅಂಗಡಿಯಲ್ಲಿ ಕೂರುತ್ತೇನೆ. ಯಾವುದೋ ಸ್ಕೂಲಿನವರು ಗುಜರಿಗೆ ಹಾಕಿದ್ದ ಸೂಕ್ಷ್ಮದರ್ಶಕವೊಂದನ್ನು ಅಪ್ಪ ಹಿತ್ತಾಳೆ ಸಿಗುತ್ತದೆಂದು ತಂದಿದ್ದ. ನಾನು ಅದನ್ನು ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿ ಕಣ್ಣಿಟ್ಟೆ. ಅವತ್ತಿನಿಂದ ನನಗೆ ಬೇರೆ ಹುಚ್ಚಿಲ್ಲ. ಬೂಷ್ಟು ಹಿಡಿದ ರೊಟ್ಟಿ, ಹುಳಿ ಬಂದ ದೋಸೆ ಹಿಟ್ಟು, ಹಳೆಯ ಉಪ್ಪಿನಕಾಯಿ, ಎಲ್ಲವನ್ನೂ ಗಾಜಿನ ಮೇಲೆ ಹಚ್ಚಿ ನೋಡಿದ್ದೇನೆ. ಕಂಡದ್ದೇನು ಅಂತ ಮೊಬೈಲಿನಲ್ಲಿ ಹುಡುಕಿ ಓದುತ್ತೇನೆ. ನನಗೆ ಯಾರೂ ಕಲಿಸಿಲ್ಲ, ಹಾಗಾಗಿ ಕಲಿತದ್ದನ್ನೆಲ್ಲ ಯಾರಿಗಾದರೂ ಹೇಳದೆ ಇರಲಾಗುವುದಿಲ್ಲ. ಕೂತು ಕೇಳುತ್ತಿದ್ದವಳು ಹನುಮವ್ವ ಒಬ್ಬಳೇ. ಕೈ ಹೂ ಕಟ್ಟುತ್ತಿರುತ್ತಿತ್ತು, ಕಿವಿ ನನ್ನ ಕಡೆ ಇರುತ್ತಿತ್ತು.

ಒಂದು ಮಧ್ಯಾಹ್ನ ದೋಸೆ ಹಿಟ್ಟಿನ ಹನಿಯನ್ನು ಅವಳಿಗೆ ತೋರಿಸಿದೆ. ಹಿಟ್ಟಿನಲ್ಲಿ ಬೆಳೆಯುವ ಯೀಸ್ಟ್ ಕೂಡ ಬೂಷ್ಟಿನ ಹಾಗೆ ಶಿಲೀಂಧ್ರವೇ. ಗುಂಡಗಿರುತ್ತದೆ. ಅದರ ಪಕ್ಕದಿಂದ ಒಂದು ಸಣ್ಣ ಗುಂಡು ಉಬ್ಬುತ್ತದೆ, ದೊಡ್ಡದಾಗುತ್ತದೆ, ಬೇರೆಯಾಗುತ್ತದೆ. ಹನುಮವ್ವ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು. ಬಿಸಿಲು ಕಿಟಕಿಯಿಂದ ಸೂಕ್ಷ್ಮದರ್ಶಕದ ಕನ್ನಡಿಗೆ ಬಿದ್ದು, ಕನ್ನಡಿಯಿಂದ ಅವಳ ರೆಪ್ಪೆಗೆ ಬಿದ್ದಿತ್ತು.

"ಇದು ಮೊಗ್ಗಿ ಐತಲ್ಲಬೇ," ಅಂದಳು.

"ಹೌದು ದೊಡ್ಡವ್ವ, ಪುಸ್ತಕದಾಗೂ ಹಂಗ ಅಂತಾರ. ಮೊಗ್ಗು ಬಿಡೋದು ಅಂತ."

"ಅರಳೋದು ಯಾವಾಗ?"

"ಅರಳಂಗಿಲ್ಲ. ಮೊಗ್ಗಿಗಿ ಮತ್ತ ಮೊಗ್ಗಿ, ಅಷ್ಟ."

"ಪಾಪ," ಅಂದಳು. ಸಂಜೆಯವರೆಗೂ ಅದೇ ಗುಂಗಿನಲ್ಲಿದ್ದಳು. ಮರುದಿನ ಬೆಳಿಗ್ಗೆ ಬಂದು, ರಾತ್ರಿ ತಾನು ಹಿಟ್ಟಿನ ತೋಟದಲ್ಲಿ ಹೂ ಬಿಡಿಸುತ್ತಿದ್ದೆ, ಎಷ್ಟು ಬಿಡಿಸಿದರೂ ಬುಟ್ಟಿ ತುಂಬಲಿಲ್ಲ ಅಂತ ಹೇಳಿದಳು.

ಕನಸು ಅವಳ ಇನ್ನೊಂದು ಸಂಗತಿ. ದಿನಾ ಒಂದು ಕನಸು ಹೇಳುತ್ತಿದ್ದಳು. ಬಾಡಿಗೆ ಮನೆ ಬದಲಿಸುವುದಿರಲಿ, ಮಗಳಿಗೆ ಹಡಗಲಿ ಹತ್ತಿರದ ಮಾಗಳದ ಗಂಡು ಒಪ್ಪುವುದಿರಲಿ, ಅವಳ ಎಲ್ಲ ತೀರ್ಮಾನಗಳೂ ಕನಸಿನಲ್ಲಿ ದುರುಗವ್ವ ಬಂದು ಹೇಳಿದವೇ. ಹಗಲಿಡೀ ತಾನೇ ಯೋಚಿಸಿದ್ದನ್ನು ಬೆಳಿಗ್ಗೆ ದೇವಿಯ ಬಾಯಲ್ಲಿ ಹೇಳಿಸುತ್ತಾಳೆ ಅಂತ ನಮ್ಮ ಅಮ್ಮಿ ನಗುತ್ತಿದ್ದಳು. ಇರಬಹುದು. ಆದರೆ ಅವಳು ಹೇಳುವಾಗ ಕನಸಿನ ಧೂಳು ಇನ್ನೂ ಅವಳ ಕಾಲಿಗೆ ಅಂಟಿದ ಹಾಗೇ ಇರುತ್ತಿತ್ತು.

ಅವಳಿಗೆ ಸಕ್ಕರೆ ಕಾಯಿಲೆ ಮೊದಲಿನಿಂದ ಇತ್ತು. ಆಮೇಲೆ ಉರಿಮೂತ್ರ ಶುರುವಾಯಿತು. ಅಂಗಡಿಯಿಂದ ಗುಳಿಗೆ ತಂದು ನುಂಗುವುದು, ಸ್ವಲ್ಪ ಕಡಿಮೆಯಾಗುವುದು, ಮತ್ತೆ ಬರುವುದು. ಹೀಗೆ ಬಹಳ ಕಾಲ ನಡೆಯಿತು. ಒಂದು ದಿನ ಚಳಿಜ್ವರ ಬಂದು ಹೂವಿನ ಬುಟ್ಟಿಯ ಪಕ್ಕದಲ್ಲೇ ಮಲಗಿಬಿಟ್ಟಳು. ಅಮ್ಮಿ ಮತ್ತು ನಾನು ಅವಳನ್ನು ಹೊಸಪೇಟೆಯ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅವತ್ತು ಸಹ ಅವಳು ಮೊದಲ ಬಸ್ಸು ಬಿಡಿಸಿದಳು ಅನ್ನುವುದನ್ನು ಅಮ್ಮಿ ಇವತ್ತಿಗೂ ಕ್ಷಮಿಸಿಲ್ಲ.

ಎಡಗಡೆಯ ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡಿತ್ತು. ಬಲಗಡೆಯ ಮೂತ್ರಪಿಂಡ ಯಾವತ್ತೋ ಸೊರಗಿ ಸಣ್ಣದಾಗಿತ್ತು. ಅಂದರೆ ಅವಳು ಬದುಕಿದ್ದದ್ದು ಎಡಗಡೆಯ ಒಂದರ ಮೇಲೆ. ಮೂತ್ರ ಕಟ್ಟದಿರಲಿ ಅಂತ ಒಳಗೊಂದು ತೆಳುವಾದ ಕೊಳವೆ ಹಾಕಿದರು. ಆಪರೇಶನ್ ಮಾಡಿ ಕಲ್ಲು ತೆಗೆಯುವ ಮುನ್ನ ಮೂತ್ರ ಪರೀಕ್ಷೆಗೆ ಕಳಿಸಿದರೆ ಬಂದದ್ದು ಬ್ಯಾಕ್ಟೀರಿಯಾ ಅಲ್ಲ, ಶಿಲೀಂಧ್ರ. ಎಚ್ಚರಿಕೆಯಿಂದ ಹೊಸದಾಗಿ ಹಿಡಿದ ಮೂತ್ರದಲ್ಲೂ ಅದೇ ಬಂತು.

ಡಾಕ್ಟರು ನಡುವಯಸ್ಸಿನ ಹೆಂಗಸು, ತಾಳ್ಮೆಯವರು. "ನೋಡಮ್ಮ, ಮೂತ್ರದಲ್ಲಿ ಫಂಗಸ್ ಕಂಡೋರಿಗೆಲ್ಲ ನಾವು ಔಷಧಿ ಕೊಡಲ್ಲ. ತೊಂದ್ರೆ ಇಲ್ದಿದ್ರೆ ಎಷ್ಟೋ ಸಲ ಸುಮ್ನೆ ಬಿಡ್ತೀವಿ. ಆದ್ರೆ ನಿಮ್ಗೆ ಜ್ವರ ಇದೆ, ಉರಿ ಇದೆ, ಆಪರೇಶನ್ ಬೇರೆ ಆಗ್ಬೇಕು. ಇದು ಹೋಗದೆ ನಾನು ಕಲ್ಲಿಗೆ ಕೈ ಹಾಕಿದ್ರೆ ರಕ್ತಕ್ಕೆ ಏರುತ್ತೆ. ಮೊದಲ ದಿನ ಎರಡು ಗುಳಿಗೆ ಒಟ್ಟಿಗೆ. ಆಮೇಲೆ ದಿನಾ ಒಂದು. ಹೇಳಿದಷ್ಟು ದಿನ ಪೂರ್ತಿ."

ನನಗೆ ಆ ಗುಳಿಗೆಯ ಹೆಸರು ಕೇಳಿ ಹಳೆಯ ಗೆಳತಿ ಸಿಕ್ಕಷ್ಟು ಖುಷಿ. ಫ್ಲೂಕೊನಜೋಲ್. ಬಸ್ಸಿನಲ್ಲಿ ಬರುವಾಗ ಹನುಮವ್ವನಿಗೆ ಪಾಠ ಶುರುಮಾಡಿದೆ. ಬೂಷ್ಟು ಸಾಯಿಸುವ ಔಷಧಿ ಬೇಕಾದಷ್ಟಿವೆ, ಆದರೆ ಬಹಳಷ್ಟು ಮೂತ್ರಕ್ಕೆ ಇಳಿಯುವುದೇ ಇಲ್ಲ. ರಕ್ತದಲ್ಲಿ ಅಲೆಯುತ್ತವೆ, ಲಿವರಿನಲ್ಲಿ ಕರಗುತ್ತವೆ. ಇದೊಂದು ಮಾತ್ರ ಹೆಚ್ಚುಕಡಿಮೆ ಇದ್ದ ಹಾಗೇ ಮೂತ್ರಕ್ಕೆ ಇಳಿದು, ಅಲ್ಲೇ ಗಟ್ಟಿಯಾಗಿ ನಿಲ್ಲುತ್ತದೆ.

ಅವಳು ಕಿಟಕಿಯಿಂದ ಕಣ್ಣು ತೆಗೆಯದೆ ಕೇಳಿದಳು.

"ಅಂದ್ರ ಇದು ಹಳ್ಳದ ದಂಡಿ ಬಿಟ್ಟು ಹೋಗದ ಕುರಿ ಇದ್ದಂಗ."

"ಹೂಂ ದೊಡ್ಡವ್ವ."

"ಚಲೋ ಕುರಿ ಅದು. ಮೇವು ನೀರು ಎರಡೂ ಅಲ್ಲೇ ಸಿಗ್ತಾವ."

ಆಮೇಲೆ ತೂಕಡಿಸಿದಳು. ಹೊರಗೆ ಜೋಳದ ಹೊಲಗಳು ಹಿಂದೆ ಸರಿಯುತ್ತಿದ್ದವು. ಅವಳ ಮಡಿಲಲ್ಲಿ ಗುಲಾಬಿ ಬಣ್ಣದ ಗುಳಿಗೆಗಳ ಪಟ್ಟಿಗಳು ಕಾಗದದ ಚೀಲದೊಳಗೆ ಸಪ್ಪಳ ಮಾಡುತ್ತಿದ್ದವು.

ಗುಳಿಗೆಗಳು ಮುಗಿದವು. ಮತ್ತೆ ಹೊಸಪೇಟೆಗೆ ಹೋದೆವು. ಮೂತ್ರದಲ್ಲಿ ಬೂಷ್ಟು ಹಾಗೇ ಇತ್ತು.

ಡಾಕ್ಟರು ಕಾಗದವನ್ನು ಎರಡು ಸಲ ನೋಡಿದರು. ಗುಳಿಗೆಗೆ ಬಗ್ಗದ ಜಾತಿಯೂ ಇರುತ್ತದೆ, ಯಾವುದೆಂದು ತಿಳಿಯಲು ಮಾದರಿಯನ್ನು ದೊಡ್ಡ ಲ್ಯಾಬಿಗೆ ಕಳಿಸಿದ್ದೇವೆ ಅಂದರು. ಹಾಗೇನಾದರೂ ಆದರೆ ಅಡ್ಮಿಟ್ ಮಾಡಿಕೊಂಡು ನರಕ್ಕೆ ಬೇರೆ ಔಷಧಿ ಹನಿಸಬೇಕು. ಆ ಔಷಧಿ ಬೂಷ್ಟನ್ನು ಕೊಲ್ಲುತ್ತದೆ, ಆದರೆ ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತದೆ. "ಇರೋದೇ ಒಂದು ಕಿಡ್ನಿ," ಅಂತ ಅವರು ಅಂದದ್ದು ನಮಗಿಂತ ಹೆಚ್ಚಾಗಿ ತಮಗೇ ಹೇಳಿಕೊಂಡ ಹಾಗಿತ್ತು.

ಹನುಮವ್ವನ ಮಗಳು ಮಾಗಳದಲ್ಲಿ ಬಸುರಿ. ಬಾಣಂತನ ಮಾಡಬೇಕಾದವಳು ಇವಳೇ. "ಅಷ್ಟರೊಳಗ ಆಕ್ಕೈತೇನ್ರಿ?" ಅಂತ ಕೇಳಿದಳು. ಡಾಕ್ಟರು ವರದಿಯನ್ನು ಮಡಚಿ ಫೈಲಿನೊಳಗಿಟ್ಟರು.

ವಾಪಸು ಬಂದ ಮೇಲೆ ಅವಳಿಗೆ ಬೆನ್ನು ನೋವು ಹೆಚ್ಚಿ ಕೈ ಮೇಲೆ ಎತ್ತಲಾಗಲಿಲ್ಲ. ದೇವರ ಗೂಡಿಗೆ ಹೂ ಇಡು ಅಂತ ನನ್ನನ್ನು ಕರೆದಳು. ಗೋಡೆಯಲ್ಲಿ ಎತ್ತರದ ಗೂಡು. ಬೆಳ್ಳಿ ಕಣ್ಣಿಟ್ಟ ಒಂದು ಕಲ್ಲು, ಅದೇ ದುರುಗವ್ವ. ನಾನು ಸ್ಟೂಲು ಹತ್ತಿ ನಿನ್ನೆಯ ಮಾಲೆ ತೆಗೆದೆ. ಮಾಲೆಯ ಕೆಳಗೆ ಹಿತ್ತಾಳೆ ತಟ್ಟೆ ಇತ್ತು. ತಟ್ಟೆಯಲ್ಲಿ ಒಣಗಿದ ಜೋಳದ ತೆನೆ, ಒಂದು ಹಿಡಿ ಕರಿ ಉಣ್ಣೆ, ಬಾಡಿದ ಮೊಗ್ಗುಗಳು. ಮೊಗ್ಗುಗಳ ನಡುವೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಕೂತಿದ್ದವು ಗುಲಾಬಿ ಗುಳಿಗೆಗಳು.

ಒಂದು ಕ್ಷಣ ಅವು ಏನೆಂದೇ ತಿಳಿಯಲಿಲ್ಲ. ಯಾವುದೋ ಹೂವಿನ ಬೀಜದ ಹಾಗೆ ಚೆಂದ ಕಾಣುತ್ತಿದ್ದವು.

"ದೊಡ್ಡವ್ವ, ಇವು ಇಲ್ಲಿ ಯಾಕದಾವ?"

"ಯಾವು?"

"ಗುಳಿಗಿ."

"ಅಕಿವು," ಅಂದಳು. ಜೋಳದ ತೆನೆಯ ಬಗ್ಗೆ ಕೇಳಿದ್ದರೂ ಅದೇ ದನಿಯಲ್ಲಿ ಹೇಳುತ್ತಿದ್ದಳು. "ಪಟ್ಟಿ ಒಡದ ದಿನದ್ದು ಅಕಿದು. ಮರುದಿನದಿಂದ ನಂದು."

"ಅವತ್ತ ನೀ ತಗೊಳ್ಳಂಗಿಲ್ಲ?"

"ಅಕಿಗಿ ಕೊಟ್ಟಿದ್ದನ್ನ ನಾ ಹೆಂಗ ತಗೊಳ್ಳಲಿ?"

ಸಣ್ಣ ಸಣ್ಣ ಪಟ್ಟಿಗಳು ಅವು. ಪ್ರತಿ ಪಟ್ಟಿ ಒಡೆದ ದಿನ ಔಷಧಿ ಇಲ್ಲ. ಅದಕ್ಕಿಂತ ದೊಡ್ಡ ವಿಷಯ, ಮೊದಲ ದಿನದ ಎರಡು ಗುಳಿಗೆ ಎರಡೂ ದೇವಿಯ ಪಾಲಾಗಿದ್ದವು. ಆ ಎರಡು ಯಾಕೆ ಅಂತ ನಾನು ಓದಿಕೊಂಡಿದ್ದೆ. ದಿನಕ್ಕೊಂದರಂತೆ ಕೊಟ್ಟರೆ ಮೈಯಲ್ಲಿ ಔಷಧಿ ಸಾಕಷ್ಟು ತುಂಬಲು ದಿನಗಳು ಬೇಕು. ಮೊದಲೇ ಇಮ್ಮಡಿ ಕೊಟ್ಟು ತುಂಬಿಸಿಬಿಡುತ್ತಾರೆ. ಇಲ್ಲಿ ತುಂಬಿದ್ದು ಹಿತ್ತಾಳೆ ತಟ್ಟೆ. ಬರೀ ಇವಲ್ಲ, ಸಕ್ಕರೆಯ ಗುಳಿಗೆ, ಜ್ವರದ ಗುಳಿಗೆ, ಎಲ್ಲವಕ್ಕೂ ಇದೇ ಪದ್ಧತಿ ನಡೆದಿತ್ತು.

ಅಮ್ಮಿ ಕೈ ಒರೆಸಿಕೊಳ್ಳುತ್ತಾ ಬಂದು ತಟ್ಟೆ ನೋಡಿ ಅಲ್ಲೇ ಕೂತಳು.

"ಹನುಮಕ್ಕ, ನಾವು ಬಕ್ರೀದಿಗೆ ಕುರ್ಬಾನಿ ಕೊಟ್ಟಾಗ ಬಡವ್ರಿಗೆ ಒಂದು ಪಾಲು, ಬೀಗ್ರು ಬಿಜ್ಜರಿಗೆ ಒಂದು ಪಾಲು, ಮನಿಯವ್ರಿಗೂ ಒಂದು ಪಾಲು ಅಂತ ಇರ್ತೈತಿ. ನಿಮ್ಮ ದೇವ್ರು ನಿಂಗ ಏನೂ ಇಡಂಗಿಲ್ಲೇನು?"

"ಇಡ್ತಾಳಲ್ಲ. ಮೊದಲಿಂದು ಬಿಟ್ಟು ಎಲ್ಲಾ ನಂದ."

"ಆ ಮೊದಲಿಂದ್ರಾಗ ನಿನ್ನ ಜೀವ ಐತಿ ಅಂದ್ರ?"

ಹನುಮವ್ವನ ಬೆರಳುಗಳು ಮಡಿಲಲ್ಲಿ ಇಲ್ಲದ ಹೂ ಕಟ್ಟುತ್ತಿದ್ದವು.

ಮರುದಿನ ಡಾಕ್ಟರಿಗೆ ಹೇಳಿದೆವು. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು, ಮತ್ತೆ ಹಾಕಿಕೊಂಡರು. "ಹಂಗಾದ್ರೆ ಗುಳಿಗೆ ಸೋತಿಲ್ಲ. ಅದು ಸರಿಯಾಗಿ ಒಳಗೇ ಹೋಗಿಲ್ಲ," ಅಂದರು. ಬೂಷ್ಟು ಕೊಳವೆಗೂ ಅಂಟಿಕೊಂಡಿರುತ್ತದೆ, ಅದನ್ನು ಬದಲಿಸುತ್ತೇನೆ, ಹನಿಸುವ ಔಷಧಿಗೆ ಮುನ್ನ ಗುಳಿಗೆಯನ್ನೇ ಇನ್ನೊಂದು ಸಲ ಪೂರ್ತಿ ಕೊಟ್ಟು ನೋಡೋಣ ಅಂದರು. ಜೊತೆಗೊಂದು ಎಚ್ಚರಿಕೆ: ಈ ಗುಳಿಗೆ ಸರಿಯಾಗಿ ಒಳಗೆ ಹೋದರೆ ಸಕ್ಕರೆ ಗುಳಿಗೆಯ ಜೋರು ಹೆಚ್ಚಾಗುತ್ತದೆ, ಅದನ್ನು ಕಡಿಮೆ ಮಾಡಿಕೊಡುತ್ತೇನೆ, ಆದರೂ ಬೆವರು, ನಡುಕ ಬಂದರೆ ತಕ್ಷಣ ಸಕ್ಕರೆ ತಿನ್ನಬೇಕು.

"ಮೊದಲ ದಿನದ್ದು ಎರಡೂ ನೀವೇ ನುಂಗ್ಬೇಕು. ನುಂಗ್ತೀರಾ?"

"ಅಕಿನ್ನ ಕೇಳಿ ಹೇಳ್ತೀನ್ರಿ."

"ಯಾರನ್ನ?"

"ಅಕಿನ್ನ," ಅಂತ ಅಮ್ಮಿ ಮೇಲೆ ಕೈ ತೋರಿಸಿದಳು. ಡಾಕ್ಟರು ಹಣೆ ಉಜ್ಜಿಕೊಂಡರು.

ಕೊಳವೆ ಬದಲಿಸಿಕೊಂಡು ಮನೆಗೆ ಬಂದ ಸಂಜೆ ಹನುಮವ್ವ ಹೊಸ ಪಟ್ಟಿಯನ್ನು ಒಡೆಯದೆ ತಲೆದಿಂಬಿನ ಕೆಳಗಿಟ್ಟುಕೊಂಡಳು. ಮತ್ತೆ ಸಣ್ಣಗೆ ಜ್ವರ ಏರಿತ್ತು. ನಾನು ಮೊಬೈಲಿನಲ್ಲಿ ಓದಿದ್ದನ್ನೆಲ್ಲ ಹೇಳಿದೆ. ಅವಳು ಎಂದಿನಂತೆ ಕೇಳಿದಳು, ಏನೂ ಒಪ್ಪಲಿಲ್ಲ. ನನಗೆ ಗೊತ್ತಿದ್ದದ್ದು ಮುಗಿದುಹೋಯಿತು. ಗೋಡೆಯ ಈಚೆ ಮಲಗಿ ನಾನು ಮೊದಲ ಸಲ ಅವಳ ದೇವಿಗೆ ಒಂದು ಮಾತು ಹೇಳಿದೆ: ಅವಳ ಕನಸಿಗೆ ಬಾರವ್ವ.

ಬೆಳಿಗ್ಗೆ ಹನುಮವ್ವ ನಮ್ಮ ಬಾಗಿಲಿಗೆ ಬಂದು ಹೊಸ್ತಿಲ ಮೇಲೆ ಕೂತಳು. ಕಣ್ಣು ದೂರ ಎಲ್ಲೋ ಇದ್ದವು.

"ರಾತ್ರಿ ನಮ್ಮಪ್ಪನ ಹಟ್ಟಿಗಿ ಹೋಗಿದ್ದೆ. ಬೆಳದಿಂಗಳು ಹಾಲು ಚೆಲ್ಲಿದಂಗ ಬಿದ್ದೈತಿ. ಕರಿಕುರಿ ಈದಿತ್ತು. ನಾ ತಂಬಿಗಿ ಹಿಡಕೊಂಡು ಕುಂತೀನಿ, ಮೀಸಲಾ ಹಿಂಡಾಕ. ಬಾಜೂಕ ಯಾರೋ ಬಂದು ನಿಂತ್ರು. ನೋಡಿದ್ರ ಅಕಿ. ಸೆರಗು ಸೊಂಟಕ್ಕ ಸಿಗಿಸ್ಯಾಳ. ಏನ್ ಮಾಡಾಕತ್ತೀಬೇ ಅಂದ್ಲು. ನಿನ್ನ ಪಾಲು ತೆಗಿಯಾಕತ್ತೀನಿ ಅಂದೆ. ಹುಚ್ಚಿ, ಈದ ದಿನದ ಹಾಲು ನಾ ಯಾವತ್ತರ ಕೇಳೀನೇನು ಅಂದ್ಲು. ಅದು ಮರೀದು. ಅದನ್ನ ಕುಡೀಲಿಲ್ಲ ಅಂದ್ರ ಮರಿ ಏಳಂಗಿಲ್ಲ. ಮರಿ ಎದ್ದು ನಿಂತ ಮ್ಯಾಲೆ ನಂದು ನಂಗ ಕೊಡು."

ಅಮ್ಮಿ ಸೌಟು ಹಿಡಿದು ಒಳಗಿನಿಂದ ಬಂದು ನಿಂತಿದ್ದಳು.

"ಖರೇ ಐತಿ," ಅಂದಳು ಹನುಮವ್ವ. "ನಮ್ಮಪ್ಪ ಹಂಗ ಮಾಡ್ತಿದ್ದ. ಗಿಣ್ಣದ ಹಾಲು ಮೊದ್ಲು ಮರೀಗಿ. ನಂಗ ಮರತಿತ್ತು."

"ಮತ್ತ ಮರಿ ಯಾವುದಿತ್ತು ದೊಡ್ಡವ್ವ?"

"ಅದನ್ನ ನೋಡಾಕ ಬಗ್ಗಿದೆ. ಮಾರಿ, ಕಣ್ಣು ಮೂಗು, ಎಲ್ಲಾ ನಂದ ಇತ್ತು," ಅಂದು ಪಟ್ಟಿ ಒಡೆದು, ಎರಡೂ ಗುಳಿಗೆ ಬಾಯಿಗೆ ಹಾಕಿಕೊಂಡು ನೀರಿಗೆ ಕೈ ಚಾಚಿದಳು.

ಆ ದಿನಗಳಲ್ಲಿ ಅವಳನ್ನು ನೋಡುವುದೇ ಒಂದು ಚೆಂದ. ಗುಳಿಗೆ ನುಂಗಿ ಗೂಡಿನ ಕಡೆ ತಿರುಗಿ, ಬಾಯಿ ತೆರೆದು ತೋರಿಸುತ್ತಿದ್ದಳು. ಒಂದು ಮಧ್ಯಾಹ್ನ ಹೂ ಕಟ್ಟುತ್ತಾ ಬೆವರಿ ನಡುಗತೊಡಗಿದಳು. ಡಾಕ್ಟರು ಹೇಳಿದ್ದು ಇದೇ. ಅಮ್ಮಿ ಸಕ್ಕರೆ ಡಬ್ಬಿ ತಂದರೆ, ಅಷ್ಟು ನಡುಗುವ ಕೈಯಲ್ಲೂ ಮೊದಲ ಚಿಟಿಕೆಯನ್ನು ನೆಲಕ್ಕೆ ಬಿಡಲು ಹೋದಳು. ಅಮ್ಮಿ ಆ ಕೈ ಹಿಡಿದು ಅವಳ ಬಾಯಿಗೇ ತಿರುಗಿಸಿದಳು.

"ಮರೀಗಿ ಮೊದ್ಲು. ತಿನ್ನು."

ಹನುಮವ್ವ ಬಾಯಿ ತುಂಬ ಸಕ್ಕರೆ ಇಟ್ಟುಕೊಂಡು ನಕ್ಕಳು. ಅವತ್ತೇ ಡಾಕ್ಟರಿಗೆ ಫೋನು ಮಾಡಿ ಸಕ್ಕರೆ ಗುಳಿಗೆಯನ್ನು ಇನ್ನಷ್ಟು ತಗ್ಗಿಸಿಕೊಂಡೆವು.

ಕಡೆಯ ಗುಳಿಗೆಯನ್ನೂ ನೀನೇ ನುಂಗಬೇಕು ಅಂತ ನಾನು ಮೊದಲೇ ಹೇಳಿಟ್ಟಿದ್ದೆ. "ಅದನ್ನೂ ಕೇಳೀನಿ," ಅಂದಳು. "ಖಾಲಿ ಪಟ್ಟಿ ಸಾಕಂತ ಅಕಿಗಿ." ಖಾಲಿ ಪಟ್ಟಿಗಳು ಗೂಡಿನಲ್ಲಿ ಸಾಲಾಗಿ ನಿಂತು, ದೀಪ ಹಚ್ಚಿದಾಗ ಬೆಳ್ಳಿಯ ಹಾಗೆ ಮಿನುಗುತ್ತಿದ್ದವು. ದೇವಿಯ ಕಣ್ಣುಗಳಿಗಿಂತ ಹೆಚ್ಚಾಗಿ.

ದೊಡ್ಡ ಲ್ಯಾಬಿನ ವರದಿ ಬಂತು. ಗುಳಿಗೆಗೆ ಬಗ್ಗುವ ಜಾತಿಯೇ ಅದು. ಆಮೇಲೆ ಹೊಸ ಮೂತ್ರದ ವರದಿಯೂ ಬಂತು, ಬೂಷ್ಟು ಇರಲಿಲ್ಲ. ಆಪರೇಶನ್ ಆಯಿತು. ಕಡಲೆಕಾಳಿನಷ್ಟಿದ್ದ ಕಲ್ಲನ್ನು ಹನುಮವ್ವ ಕೇಳಿ ಇಸಿದುಕೊಂಡು, ಸಣ್ಣ ಡಬ್ಬಿಯಲ್ಲಿ ಮನೆಗೆ ತಂದು, ತೊಳೆದು, ಕುಂಕುಮ ಹಚ್ಚಿ ಹಿತ್ತಾಳೆ ತಟ್ಟೆಯಲ್ಲಿಟ್ಟಳು. "ಮರಿ ಎದ್ದು ನಿಂತಿತಲ್ಲ. ಇದು ಅಕಿ ಪಾಲು."

"ಕಲ್ಲು ಕೊಡ್ತಾರೇನಬೇ ದೇವ್ರಿಗೆ?" ಅಂದಳು ಅಮ್ಮಿ.

"ಅಕಿನೂ ಕಲ್ಲ ಅದಾಳ. ಜೋಡಿ ಆತು."

ಹನುಮವ್ವ ಈಗಿಲ್ಲ. ಮಾಗಳದಲ್ಲಿ ಮಗಳ ಮನೆಯಲ್ಲಿ, ಮಳೆಗಾಲದ ಒಂದು ಮುಂಜಾನೆ, ನಿದ್ದೆಯಲ್ಲೇ ಹೋದಳಂತೆ. ಮಗಳು ಫೋನಿನಲ್ಲಿ ಅಳುತ್ತಾ, ಹಿಂದಿನ ದಿನ ಹೊಳೆದಂಡೆಗೆ ಹೋಗಿ ಬಹಳ ಹೊತ್ತು ಕೂತು ಬಂದಿದ್ದಳು, ಮೈಯಲ್ಲಿ ಯಾವ ಬೇನೆಯೂ ಇರಲಿಲ್ಲ ಅಂದಳು. ಯಾವ ಕನಸಿನ ನಡುವೆ ಎದ್ದು ಹೋದಳೋ. ಅದನ್ನು ಬೆಳಿಗ್ಗೆ ಬಂದು ಹೇಳುವವರಿಲ್ಲ.

ನಾನು ಅವಳನ್ನು ಕಡೆಯದಾಗಿ ನೋಡಿದ್ದು ಬಸ್‌ಸ್ಟ್ಯಾಂಡಿನಲ್ಲಿ. ಆಪರೇಶನ್ ಆಗಿ ಚೇತರಿಸಿಕೊಂಡಿದ್ದಳು. ಹಿಂದಿನ ಸಂಜೆ ಮಾಗಳದಿಂದ ಫೋನು ಬಂದಿತ್ತು, ಮಗಳಿಗೆ ಹೆಣ್ಣು ಕೂಸು. ಕತ್ತಲು ಇನ್ನೂ ಪೂರ್ತಿ ಹರಿದಿರಲಿಲ್ಲ. ಬೇವಿನ ಮರದ ಕೆಳಗೆ ನಾನು ಅವಳ ಗಂಟು ಹಿಡಿದು ನಿಂತಿದ್ದೆ. ಗಂಟಿನಲ್ಲಿ ಬೆಲ್ಲ, ಹಳೆಯ ಮೆತ್ತನೆಯ ಸೀರೆಗಳು, ಸೀರೆಯೊಳಗೆ ಸುತ್ತಿದ ದುರುಗವ್ವ. ಹಡಗಲಿಯ ಮೊದಲ ಬಸ್ಸು ದೀಪ ಬಿಟ್ಟುಕೊಂಡು ಬಂತು. ಬಾಗಿಲು ತೆರೆಯಿತು. ನಾನು ಗಂಟನ್ನು ಕೆಳಗಿಟ್ಟೆ, ಎರಡನೆಯದಕ್ಕೆ ಇನ್ನೂ ಹೊತ್ತಿತ್ತು.

"ಯಾಕ ಇಟ್ಟಿ? ಎತ್ಕೋ," ಅಂದಳು.

"ಇದು ಮೊದಲಿಂದು, ದೊಡ್ಡವ್ವ."

"ಅಲ್ಲಿ ಮರಿ ಕಾಯಾಕತ್ತೈತಿ," ಅಂದು ಮೆಟ್ಟಿಲ ಮೇಲೆ ಕಾಲಿಟ್ಟಳು.

ಕಂಡಕ್ಟರ್ ಬಗ್ಗಿ ಗಂಟು ಇಸಿದುಕೊಂಡ. ಬಸ್ಸಿನಲ್ಲಿ ಬೇರೆ ಯಾರೂ ಇರಲಿಲ್ಲ. ಅವಳು ಎಲ್ಲ ಸೀಟುಗಳನ್ನೂ ಒಮ್ಮೆ ನೋಡಿ, ಕಿಟಕಿಯ ಪಕ್ಕದ್ದೊಂದನ್ನು ಆರಿಸಿಕೊಂಡು, ಮಡಿಲಲ್ಲಿ ಗಂಟಿಟ್ಟುಕೊಂಡು ಕೂತಳು. ನನಗೆ ಕೈ ಬೀಸುವುದಕ್ಕೆ ಮರೆತುಹೋಯಿತು. ಬಸ್ಸು ತಿರುವಿಗೆ ಹೊರಳುವಾಗ ನನ್ನ ಬಲಗೈ ತಾನಾಗಿ ಎದ್ದು ಹಣೆಗೆ ಮುಟ್ಟಿತ್ತು.